ಬಿಸ್ಕೀಟು ಡಬ್ಬಿಯಲ್ಲಿ ಜಾಲಿ ಪತಂಗ

ಟಿಕ್… ಸರ್ರ್… ಟಿಕ್. ಬಾಲ್ಯದ ನನ್ನ ಬಿಸ್ಕೀಟು ಡಬ್ಬಿಯೊಳಗೆ ಒಂದು ಹುಳು ತನ್ನ ಮನೆಯನ್ನು ತಾನೇ ಎಳೆದುಕೊಂಡು ನಡೆಯುವ ಸದ್ದು. ಈ ವಯಸ್ಸಿನಲ್ಲಿ ನನಗೆ ಫೋನಿನ ಗಂಟೆ ಕೇಳಿಸುವುದಿಲ್ಲ, ಇದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಕಿವಿ ಡಾಕ್ಟರಿಗೆ ಹೇಳುವ ಧೈರ್ಯವಾಗಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಗದ್ದಲದಲ್ಲಿ ಹೈದರಾಬಾದಿನ ನನ್ನ ಕಾನ್ವೆಂಟಿಗೆ ಬೀಗ ಬಿದ್ದು, ನಾನು ಶಹಾಪುರದ ಮನೆಯಲ್ಲಿ ಕುಳಿತಿದ್ದೆ. ಇಂಗ್ಲಿಷ್ ಮಾತಾಡಲು ಗೋಡೆಯ ಹಲ್ಲಿ ಬಿಟ್ಟರೆ ಯಾರೂ ಇರಲಿಲ್ಲ. ಆಗ ಸಿಕ್ಕ ಒಬ್ಬಳೇ ಗೆಳತಿ, ಗುಡ್ಡದ ಜಾಲಿ ಕಾಡಿನಲ್ಲಿ ಮೇಕೆ ಮೇಯಿಸುತ್ತಿದ್ದ ಮಾಳವ್ವ. ನನ್ನ ನೇಚರ್ ಸ್ಟಡಿಗೆಂದು ಹುಳು ತಂದುಕೊಟ್ಟವಳು ಅವಳೇ. ಅದನ್ನು ಬಿಸ್ಕೀಟು ಡಬ್ಬಿಯಲ್ಲಿಟ್ಟು ಸಾಕಿದೆ. ಜಾಲಿಯ ಕಡ್ಡಿ, ಮುಳ್ಳುಗಳನ್ನು ನೂಲಿನಿಂದ ಹೆಣೆದು ಚೀಲ ಮಾಡಿ, ಅದರೊಳಗಿಂದ ತಲೆಯಷ್ಟೇ ಹೊರಹಾಕಿ ಎಲೆ ತಿನ್ನುವ ಹುಳು. ಕೆಲವು ದಿನಗಳಲ್ಲಿ ಅದು ಮುಚ್ಚಳಕ್ಕೆ ಚೀಲ ಅಂಟಿಸಿ, ಬಾಯಿ ಮುಚ್ಚಿ, ಸುಮ್ಮನಾಯಿತು. ರೆಕ್ಕೆ ಬಂದು ಪತಂಗವಾಗಿ ಹೊರಬರಲೆಂದು ನಾನು ಕಾದೆ. ವಾರಗಳು ಕಳೆದವು. ಕೊನೆಗೆ ಮಾಳವ್ವನನ್ನು ಕೇಳಿದೆ.

“ಅದು ಹೆಣ್ಣ ಐತ್ರಿ, ಸಣ್ಣವ್ವಾರ. ಚೀಲ ಬಿಟ್ಟ ಹೊರಗ ಬರಾಂಗಿಲ್ಲ. ಅದಕ್ಕ ರೆಕ್ಕೀನ ಇಲ್ಲ. ಗಂಡ ಹಾರಕೋತ ತಾನ ಬರ್ತೈತಿ. ಹೆಣ್ಣ ತತ್ತಿ ಒಳಗ ಇಡ್ತೈತಿ, ಅಲ್ಲೇ ಸಾಯ್ತೈತಿ. ಮರಿ ನೂಲ ಹಿಡದು ಗಾಳಿಗೆ ಹೋಗ್ತಾವ.”

“ನಮ್ಮ ಬುಕ್ಕಿನಾಗ ಎಲ್ಲಾ ಮಾತ್‌ಗೂ, ಅಂದ್ರ ಪತಂಗಕ್ಕೂ, ರೆಕ್ಕಿ ಬರದಾರ.”

“ಬುಕ್ಕ ಬರದಾಂವ ಯಾವ ಗುಡ್ಡದಾಗ ಮ್ಯಾಕಿ ಕಾದಾನ್ರಿ?”

ನನಗೆ ಸಿಟ್ಟು ಬಂತು. “ಯೂ ಆರ್ ಇಗ್ನೊರಂಟ್” ಎಂದೆ. ಅರ್ಥವಾಗದೆ ಅವಳು ನಕ್ಕಳು. ಅಂದು ಸಂಜೆ ಕಂದು ಬಣ್ಣದ ಪುಟ್ಟ ಪತಂಗವೊಂದು ಎಲ್ಲಿಂದಲೋ ಬಂದು ಡಬ್ಬಿಯ ಸುತ್ತ ಪಟಪಟ ಬಡಿದುಕೊಂಡಿತು. ನನ್ನ ಸ್ಪೆಸಿಮನ್‌ಗೆ ಕಾಟ ಕೊಡುತ್ತಿದೆಯೆಂದು ಅದೇ ನೇಚರ್ ಸ್ಟಡಿ ನೋಟ್‌ಬುಕ್ಕಿನಿಂದ ಒಂದೇಟು ಹಾಕಿದೆ. ಸತ್ತಿತು. ಮರುದಿನ ತಾಳ್ಮೆ ಕೆಟ್ಟು ಕತ್ತರಿಯಿಂದ ಚೀಲ ಸೀಳಿದೆ. ಒಳಗೆ ರೆಕ್ಕೆ ಇಲ್ಲ, ಕಾಲೂ ಇಲ್ಲದಂತಹ ಮೆತ್ತನೆಯ ಜೀವ, ಹೊಟ್ಟೆ ತುಂಬ ತತ್ತಿ.

ಮಾಳವ್ವ ಬಂದು ನೋಡಿದಳು. “ಹೌದಲ್ರಿ ಮತ್ತ?” ಎಂದು ಚುಚ್ಚಬಹುದಿತ್ತು. ಚುಚ್ಚಲಿಲ್ಲ. “ಅದರ ಮನಿ ಹರದ್ರೇನ್ರಿ?” ಎಂದಳಷ್ಟೆ. ಮತ್ತೆ ನಮ್ಮ ಮನೆ ಕಡೆ ಬರಲಿಲ್ಲ. ನಾನು ದಿನವೂ ಅಂಗಳದಲ್ಲಿ ನಿಂತು ಗುಡ್ಡ ನೋಡಿದೆ. ಹತ್ತಿ ಹೋಗಲು ಮಾತ್ರ ಬಿಗುಮಾನ ಬಿಡಲಿಲ್ಲ.

ಕಾನ್ವೆಂಟು ತೆರೆಯಿತೆಂದು ಕಾಗದ ಬಂತು. ಯಾದಗಿರಿ ಸ್ಟೇಷನ್ನಿಗೆ ಹೊರಟ ಟಾಂಗಾ ದೋರನಹಳ್ಳಿ ದಾಟುವಾಗ, ದಾರಿ ಬದಿಯಲ್ಲಿ ಮೇಕೆಗಳ ನಡುವೆ ಅವಳು ಕಂಡಳು. ನನ್ನನ್ನು ನೋಡಿ ಕೈಯೆತ್ತಿದಳು. ವಾರಗಟ್ಟಲೆ ಪ್ರಾಕ್ಟೀಸ್ ಮಾಡಿಟ್ಟಿದ್ದ “ಐ ಆಮ್ ಸೋ ಸಾರಿ” ಬಾಯಿಗೆ ಬಂತು. ಅವಳಿಗೆ ತಿಳಿಯುವ ಹಾಗೆ ಅದನ್ನು ಹೇಗೆ ಹೇಳಲಿ ಎಂದು ಹುಡುಕುವಷ್ಟರಲ್ಲಿ, ಟಾಂಗಾ ಎಬ್ಬಿಸಿದ ಧೂಳಿನಲ್ಲಿ ಮೊದಲು ಮೇಕೆಗಳು, ಆಮೇಲೆ ಅವಳ ಕೈ ಕಾಣದಾದವು.