ಬಾಯಿ ಮುಚ್ಚಿದ ಜಗ್ಗಿನ ಬಗ್ಗೆ 'ಸಾಲಿಡ್' ಗುಂಡಿಯವರಿಗೆ

ಡಿಸೈನ್ ಕಂಪ್ಯೂಟರಿನ ಪರದೆಯ ಮೇಲ್ತುದಿಯಲ್ಲಿ ಎಡದಿಂದ ಏಳನೆಯವರಾಗಿ ವಿರಾಜಮಾನರಾಗಿರುವ, ಕಿರುಬೆರಳಿನ ಉಗುರಿಗಿಂತ ಚಿಕ್ಕವರಾದರೂ ಇಡೀ ವರ್ಕ್‌ಶಾಪನ್ನು ಕುಣಿಸುವ 'ಸಾಲಿಡ್' ಗುಂಡಿಯವರಿಗೆ, ಹತ್ತನೇ ಕ್ಲಾಸಿನ ಗಣಿತವನ್ನು ಕೂದಲೆಳೆಯಲ್ಲಿ ಪಾಸು ಮಾಡಿದವನೊಬ್ಬ ಕೈಮುಗಿದು ಬರೆದುಕೊಳ್ಳುವುದು.

ಮಾನ್ಯರೇ, ನನ್ನ ಮುಖಪರಿಚಯ ತಮಗೆ ಇರಲಿಕ್ಕಿಲ್ಲ. ಹೋದ ವಾರ ದಿನಕ್ಕೆ ನಾನೂರು ಸಲ ತಮ್ಮ ನೆತ್ತಿಯ ಮೇಲೆ ಕುಟ್ಟಿದವನು ನಾನೇ. ಐದು ವರ್ಷ ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ನಿಂತು ತೂತು ಕೊರೆದ ನನ್ನನ್ನು ಯಜಮಾನರು ಕರೆದು, "ಒಂದು ವಾರ ಕಂಪ್ಯೂಟರ್ ಮುಂದೆ ಕೂರು. ಒಂದೇ ಒಂದು ನೀರಿನ ಜಗ್ಗು ಸರಿಯಾಗಿ ಮಾಡಿ ತೋರ್ಸು, ಆ ಕುರ್ಚಿ ನಿಂದೇ. ಆದ್ರೆ ಕೂತ್ಕಡೆ ಕೂತಿರ್ಬೇಕು, ಕಾಲಿಗೆ ಚಕ್ರ ಕಟ್ಕೊಂಡೋನ ಥರ ಆಡ್ಬಾರ್ದು" ಎಂದಿದ್ದರು. ಗಾಲಿ ಇರುವ, ಬೆನ್ನಿಗೆ ಆನಿಕೆ ಇರುವ ಆ ಕುರ್ಚಿಗಾಗಿ ನಾನು ಏನು ಬೇಕಾದರೂ ಮಾಡಲು ಸಿದ್ಧನಿದ್ದೆ, ಕೂರುವುದೊಂದನ್ನು ಬಿಟ್ಟು.

ಕಂಪ್ಯೂಟರಿನಲ್ಲಿ ನಾನು ಎಳೆದ ಜಗ್ಗು ಬರೀ ಮೇಲ್ಮೈ. ಈರುಳ್ಳಿ ಸಿಪ್ಪೆಗಾದರೂ ದಪ್ಪ ಇರುತ್ತದೆ, ಅದಕ್ಕೆ ಅದೂ ಇರಲಿಲ್ಲ. ತಾವು ಒಪ್ಪಿ ಅದನ್ನು ಗಟ್ಟಿ ವಸ್ತು ಮಾಡಿಕೊಟ್ಟರೆ ಮಾತ್ರ ಕೆತ್ತುವ ಮೆಷಿನ್ ಅದನ್ನು ಕಣ್ಣೆತ್ತಿ ನೋಡುತ್ತದೆ. ನಾನು ಒತ್ತಿದಾಗಲೆಲ್ಲ ತಾವು "ಅಂಚು ತೆರೆದಿದೆ" ಎಂದು ಕೆಂಪು ಗೆರೆ ತೋರಿಸಿದಿರಿ. ಹಿಡಿಕೆ ಹೊಟ್ಟೆಗೆ ಸೇರುವಲ್ಲಿ ಕೂದಲಷ್ಟು ಬಿರುಕು ಇತ್ತು, ಮುಚ್ಚಿದೆ. ತಳದ ಸುತ್ತ ಇನ್ನೊಂದು, ಅದನ್ನೂ ಮುಚ್ಚಿದೆ. ಶುಕ್ರವಾರ ಮಧ್ಯಾಹ್ನ ಕೊನೆಗೊಂದು ಕೆಂಪು ಬಳೆ ಉಳಿಯಿತು. ಇಷ್ಟು ಮುಚ್ಚಿದವನಿಗೆ ಇದೇನು ಮಹಾ ಎಂದು ದುಂಡನೆಯ ತೇಪೆ ಹಾಕಿ ಅದನ್ನೂ ಮುಚ್ಚಿದೆ. ತಾವು ತಕ್ಷಣ "ಆಯಿತು" ಎಂದಿರಿ.

ಮಾನ್ಯರೇ, ಅದು ಜಗ್ಗಿನ ಬಾಯಿ.

ತಮ್ಮ ಪಕ್ಕದಲ್ಲೇ 'ದಪ್ಪ ಕೊಡು' ಎಂಬ ಇನ್ನೊಬ್ಬರು ಕೂತಿದ್ದಾರೆ, ಮೊದಲು ಅವರನ್ನು ಒತ್ತಿದ್ದರೆ ಸಿಪ್ಪೆಗೆ ಗೋಡೆ ಬಂದು, ಬಾಯಿ ಬಾಯಾಗಿಯೇ ಉಳಿದು, ಒಳಗೆ ನೀರಿಗೆ ಜಾಗ ಇರುತ್ತಿತ್ತು ಎಂದು ಪಾಠದ ವಿಡಿಯೋದಲ್ಲಿ ಬಿಡಿಸಿ ಹೇಳಿದ್ದಾರಂತೆ. ನಾನು ಆ ವಿಡಿಯೋವನ್ನು ಮುಂದಕ್ಕೆ ಓಡಿಸಿ ಓಡಿಸಿ ನೋಡಿದ್ದೆ. ತಾವು ಒಪ್ಪಿದ ಖುಷಿಯಲ್ಲಿ ಅಕ್ಕನಿಗೆ ಫೋನ್ ಮಾಡಿ "ನಿನ್ ತಮ್ಮ ಇನ್ಮೇಲೆ ಡಿಸೈನರ್ ಕಣೇ" ಎಂದೆ. "ಮೊದ್ಲು ಹತ್ ನಿಮ್ಷ ಒಂದ್ಕಡೆ ಕೂತು ಊಟ ಮಾಡೋದ್ ಕಲಿ" ಎಂದು ಅವಳು ಫೋನ್ ಇಟ್ಟಳು.

ಶನಿವಾರ ಬೆಳಿಗ್ಗೆ, ಜಗ್ಗು ಬೇಕೆಂದಿದ್ದ ಪಾತ್ರೆ ಕಂಪನಿಯ ಮೇಡಂ ಮಾದರಿ ನೋಡಲು ಬಂದರು. ರಾತ್ರಿಯಿಡೀ ಮೆಷಿನ್ ಬಿಳಿ ನೈಲಾನ್ ದಿಮ್ಮಿಯಲ್ಲಿ ಕೆತ್ತಿದ, ಹೊಳೆಯುವ ಜಗ್ಗನ್ನು ಒಂದೇ ಕೈಯಲ್ಲಿ ಎತ್ತಲು ಹೋದವರು ಎರಡನೆಯ ಕೈಯನ್ನೂ ಹಾಕಿದರು, ಏಕೆಂದರೆ ಒಳಗೆಲ್ಲ ಗಟ್ಟಿಯಾಗಿದ್ದ ಅದು ಎರಡೂಕಾಲು ಕಿಲೋ ಇತ್ತು. ತಿರುಗಿಸಿ, ಮಗುಚಿ ನೋಡಿ, "ಚೆನ್ನಾಗಿದೆ. ನೀರು ಎಲ್ಲಿಂದ ಹಾಕೋದು?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಯಜಮಾನರು ನನ್ನನ್ನು ನೋಡಿದರು, ನಾನು ಕುರ್ಚಿಯನ್ನು ನೋಡಿದೆ. ಪಕ್ಕದ ಮೆಷಿನ್ನಿನಿಂದ ನಾವೆಲ್ಲ ಬೈರಿಗೆ ಮಾವ ಎಂದು ಕರೆಯುವ ಹಿರಿಯರು, "ಒಂದ್ ಒಳ್ಳೇದಾಯ್ತು ಬಿಡೋ, ಈ ಜನ್ಮದಲ್ಲಿ ಸೋರಲ್ಲ" ಎಂದು ಸಮಾಧಾನ ಹೇಳಿದರು.

ತಮ್ಮ ನಿಷ್ಠೆಯನ್ನು ನಾನು ಹೊಗಳಲೇಬೇಕು. ಬಾವಿ ಮುಚ್ಚು ಎಂದರೂ ಮುಚ್ಚಿ "ಆಯಿತು" ಎನ್ನುವ ಇಂಥ ವಿಧೇಯ ಲೋಕದಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಆದರೂ ಸಣ್ಣ ಕೋರಿಕೆಗಳಿವೆ. ಮುಂದೆ ಯಾರಾದರೂ ಹೀಗೆ ತೇಪೆ ಹಿಡಿದು ಬಂದರೆ "ಅಪ್ಪಾ, ಇದು ಬಿರುಕೋ, ಬಾಯೋ?" ಎಂದು ಒಮ್ಮೆ ವಿಚಾರಿಸಬೇಕು. ಸಾಧ್ಯವಾದರೆ ನನ್ನನ್ನೇ ಒಮ್ಮೆ ಆರಿಸಿಕೊಂಡು, ಕೂತಲ್ಲಿ ಕೂರುವ ಗಟ್ಟಿ ಆಸಾಮಿಯಾಗಿ ಬದಲಾಯಿಸಿಕೊಡಬೇಕು. ತಲೆಯ ಒಳಗಿನ ಟೊಳ್ಳನ್ನು ತುಂಬುವಾಗ ಕೈ ಬಿಗಿ ಹಿಡಿಯುವುದು ಬೇಡ.

"ಮುಚ್ಚಿದ್ದು ನೀನೇ ತಾನೆ? ನೀನೇ ಕೊರಿ" ಎಂದರು ಯಜಮಾನರು. ಕೊರೆದೆ. ಹೊಟ್ಟೆ ದುಂಡಗಿದ್ದರೂ ಡ್ರಿಲ್ ನೆಟ್ಟಗೆ ಇಳಿಯುತ್ತದಲ್ಲ, ಈಗ ಅದು ಅರ್ಧ ಲೋಟ ನೀರು ಹಿಡಿಯುತ್ತದೆ. ಮೇಡಂ ಇನ್ನೊಂದು ವಾರ ಕೊಟ್ಟಿದ್ದಾರೆ. ಯಜಮಾನರು ನನಗಿನ್ನೂ ಹೌದು, ಇಲ್ಲ ಏನೂ ಹೇಳಿಲ್ಲ. ಜಗ್ಗನ್ನು ಒರೆಸಿ ಆ ಗಾಲಿ ಕುರ್ಚಿಯ ಮೇಲೆ ಇಟ್ಟು, "ನೋಡು, ನಿನಗಿಂತ ಚೆನ್ನಾಗಿ ಕೂತ್ಕೊಳ್ಳತ್ತೆ" ಎಂದಷ್ಟೇ ಹೇಳಿ ಹೋದರು.

ಇಷ್ಟಾದರೂ ತಮ್ಮನ್ನು ನಂಬಿಯೇ ಇರುವ,
ತಮ್ಮ ವಿಶ್ವಾಸಿ,
ಡ್ರಿಲ್ಲಿಂಗ್ ವಿಭಾಗ (ಸದ್ಯಕ್ಕೆ)

ತಾ.ಕ.: ಕುರ್ಚಿ ಖಾಲಿ ಇಲ್ಲದ ಕಾರಣ ಈ ಪತ್ರವನ್ನು ತಮ್ಮದೇ ಕಂಪ್ಯೂಟರಿನಲ್ಲಿ ನಿಂತುಕೊಂಡು ಟೈಪ್ ಮಾಡಿದೆ. ಮುಚ್ಚಲು ಹೋದಾಗ "ಬದಲಾವಣೆಗಳನ್ನು ಉಳಿಸಬೇಕೇ? ಖಚಿತವೇ?" ಎಂದು ಎರಡೆರಡು ಸಲ ಕೇಳಿತು. ಒಂದೂವರೆ ಪುಟದ ಬೈಗುಳಕ್ಕಿರುವ ಈ ಕಾಳಜಿ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಹೋಗಿತ್ತೇ?