ಜಂಬಪ್ಪನ ಪಲ್ಸ್ ಫೀಲ್ಡು

ಇನ್ನು ಈ ಜನ್ಮದಲ್ಲಿ ಹೆಂಡತಿಯ ಮೇಲೆ ಅನುಮಾನ ಪಡುವುದಿಲ್ಲ ಎಂದು ಭೀಮಶಂಕರನಾದ ನಾನು ಕನ್ನಡಿಯ ಮುಂದೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದ್ದೆ. ಹಿಂದಿನ ಸಲ ಬಳೆಗಾರ ಚಂದ್ರಯ್ಯ ನನ್ನ ಬಾಲಮ್ಮನ ಕೈ ಹಿಡಿದ ಎಂದು ಬೀದಿರಂಪ ಮಾಡಿ, ಅವನಿಗೆ ಎಂಬತ್ತು ವರ್ಷ, ಕಣ್ಣೂ ಮಂಜು ಎಂದು ತಿಳಿದು ನಗೆಪಾಟಲಾಗಿದ್ದೆ. ಈ ಸಲದ ಪ್ರತಿಜ್ಞೆ ಹನ್ನೊಂದು ದಿನ ಬಾಳಿತು!

ಹನ್ನೆರಡನೆಯ ದಿನ ಬಾಲಮ್ಮ ಮಕ್ತಲ್‌ನ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ದಿನಾ ಹನ್ನೊಂದಕ್ಕ ಜಂಬಪ್ಪನ ಪಲ್ಸ್ ಫೀಲ್ಡಿಗೆ ಹೋಗ್ತೀನಕ್ಕಾ. ಅರ್ಧ ತಾಸು ಮಲಗಿದ್ರ ಸಾಕು, ಹರೇದ ಹುಡುಗಿ ಆದಂಗ ಆಗ್ತೈತಿ! ನಮ್ಮನಿಯವರಿಗೆ ಹೇಳಿಲ್ಲ."

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಮ್ಮ ನಾರಾಯಣಪೇಟೆ ಜಿಲ್ಲೆಯಾದಾಗಿನಿಂದ ನಾನು ಕೃಷಿ ಕಚೇರಿಯಲ್ಲಿ ಬೇಳೆಕಾಳಿನ ಗುಮಾಸ್ತ. ಪಲ್ಸ್ ಎಂದರೆ ತೊಗರಿ, ಫೀಲ್ಡ್ ಎಂದರೆ ಹೊಲ. ಇಷ್ಟು ಇಂಗ್ಲಿಷ್ ನನಗೂ ಬರುತ್ತದೆ! ದಾಮರಗಿದ್ದ ರಸ್ತೆಯ ಜಂಬಪ್ಪನಿಗೆ ಆಳೆತ್ತರದ ತೊಗರಿ, ಮೊಳದುದ್ದದ ಮೀಸೆ. ನನ್ನ ಮೀಸೆಯಲ್ಲಿ ಎಣಿಸಿದರೆ ಹದಿನಾಲ್ಕು ಕೂದಲು.

ಮರುದಿನ ಕಚೇರಿಗೆ ಚಕ್ಕರ್ ಹೊಡೆದು, ಮೂರು ಕಿಲೋಮೀಟರ್ ನಡೆದು, ಪತ್ತೇದಾರನಂತೆ ಆ ತೊಗರಿಯೊಳಗೆ ನುಗ್ಗಿ ಕುಳಿತೆ. ಕಾಯಿಕೊರಕ ಹುಳದ ಬಗ್ಗೆ ಫೈಲು ಬರೆದವನು ನಾನೇ. ಆದರೆ ಅದು ಅಂಗಿಯೊಳಗೆ ಇಳಿದರೆ ಏನು ಮಾಡಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಎದ್ದು ಕುಣಿಯತೊಡಗಿದೆ. ಎದುರಿಗೆ ಜಂಬಪ್ಪ!

"ಏನ್ ಸಾರ್, ಬೆಳಿ ಸರ್ವೆ ಏನ್ರಿ?"

"ನಮ್ಮ ಬಾಲಮ್ಮ ಎಲ್ಲಿ?" ಎಂದು ಗರ್ಜಿಸಿದೆ.

"ಅಕ್ಕಾರಾ? ನಮ್ಮ ಮನ್ಯಾಗ ಮಲಗ್ಯಾರ್ರೀ."

ಎಷ್ಟು ನಿರಾಳವಾಗಿ ಹೇಳಿದ ನೋಡಿ! ಕದನಕ್ಕೆ ಹೊರಟ ನಾನು ಶತ್ರುವಿನ ಬೈಕಿನಲ್ಲೇ ಹಿಂದೆ ಕುಳಿತು ಅವನ ಮನೆಗೆ ಹೋದೆ.

ಮುಂದಿನ ಕೋಣೆಯಲ್ಲಿ ಬಾಲಮ್ಮ ನಿಜವಾಗಿಯೂ ಮಲಗಿದ್ದಳು. ಎರಡೂ ಮಂಡಿಗೆ ದಪ್ಪ ತಂತಿಯ ಸುರುಳಿ, ಪಕ್ಕದಲ್ಲಿ ಟಕ್ ಟಕ್ ಎನ್ನುವ ಪೆಟ್ಟಿಗೆ. ಅದನ್ನು ನಡೆಸುತ್ತಿದ್ದವಳು ಜಂಬಪ್ಪನ ಮಗಳು, ಫಿಸಿಯೋಥೆರಪಿ ಕಲಿತ ಹರಿತಾ.

"ಇದು ಪಲ್ಸ್ ಫೀಲ್ಡ್ ಅಂಕಲ್. ಅಯಸ್ಕಾಂತದ ಬಲ ನಾಡಿ ಬಡದಂಗ ಬಿಟ್ಟು ಬಿಟ್ಟು ಬರ್ತೈತಿ. ನೋವು ಕೆಲವರಿಗೆ ಕಮ್ಮಿ ಆಗ್ತೈತಿ, ಕೆಲವರಿಗೆ ಇಲ್ಲ. ನೀವೂ ಮಲಗ್ತೀರೇನ್ರಿ? ಎದಿಯಾಗ ಪೇಸ್‌ಮೇಕರ್ ಮಿಷನ್ ಏನರ ಇಡಿಸೀರೇನು?"

"ಎದಿಯಾಗ ಬರೀ ಬೆಂಕಿ ಇತ್ತವ್ವಾ. ಈಗ ಆರೈತಿ," ಎಂದೆ.

"ನಮ್ಮ ತೊಗರ್ಯಾಗ ಕುಂತಿದ್ರಕ್ಕಾ," ಎಂದು ಜಂಬಪ್ಪ ಮೀಸೆಯೊಳಗೇ ನಕ್ಕ. ಬಾಲಮ್ಮನಿಗೆ ಎಲ್ಲ ತಿಳಿಯಿತು.

"ಮತ್ತ ನನಗ್ಯಾಕ ಹೇಳಲಿಲ್ಲ?" ಎಂದು ಗಂಡನ ಗತ್ತು ತೋರಿಸಲು ನೋಡಿದೆ. ಬೇಳೆ ಬೇಯಲಿಲ್ಲ.

"ಮಂಡಿ ನೋಯ್ತಾವ, ದವಾಖಾನಿಗೆ ಜೊತಿಗೆ ಬರ್ರಿ ಅಂತ ಎರಡು ವರ್ಷ ಹೇಳ್ದೆ. ನಿಮಗ ಕುರ್ಚಿ ಬಿಟ್ಟು ಏಳಾಕ ಆಗ್ಲಿಲ್ಲ. ಇವತ್ತ ಅನುಮಾನ ಬಂದ ಕೂಡ್ಲೆ ದಾಮರಗಿದ್ದ ರಸ್ತಿ ತನಕ ನಡದೀರಿ! ದಿನಾ ಇಷ್ಟಿಷ್ಟು ಅನುಮಾನ ಪಡ್ರಿ. ಸಂತಿ ತನಕ ನಡದು ಮನಿಗೆ ಕಾಯಿಪಲ್ಲೆ ಆದ್ರೂ ತರ್ತೀರಿ!"