ಅಮ್ಮನ ಹಾಸಿಗೆ, ಭಾವನ ಬೆನ್ನು

ಮಂಚದ ಹಲಗೆಯ ಒಂದು ತುದಿಯನ್ನು ಐತಪ್ಪ ಹಿಡಿದ, ಇನ್ನೊಂದನ್ನು ಜಲಜಾಕ್ಷಿ ಹಿಡಿದಳು. ಹಲಗೆ ಎತ್ತಿ ಗೋಡೆಗೆ ಒರಗಿಸಿದರು. ಕೆಳಗಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಸುತ್ತಿ, ನೈಲಾನ್ ಹಗ್ಗದಲ್ಲಿ ಬಿಗಿದ ಮೂರು ಹಾಸಿಗೆಗಳಿದ್ದವು. ಐತಪ್ಪ ಗಂಟು ಬಿಚ್ಚಿದ. ಜಲಜಾಕ್ಷಿ ಪ್ಲಾಸ್ಟಿಕ್ ಸರಿಸಿದಳು. ಆಮೇಲೆ ಸೆರಗನ್ನು ಮೂಗಿಗೆ ಹಿಡಿದು, ಎರಡು ಹೆಜ್ಜೆ ಹಿಂದೆ ಸರಿದಳು.

ಮಳೆಯಲ್ಲಿ ನೆಂದ ಬೆಕ್ಕೊಂದು ಒಳಗೆ ಸಂಸಾರ ಹೂಡಿದೆಯೇನೋ ಅನ್ನುವಂಥ ಮುಗ್ಗಲು ವಾಸನೆ ಕೋಣೆ ತುಂಬಿತು. ಹಾಸಿಗೆಗಳ ಮೇಲೆ ಬೂಷ್ಟು ಹಿಡಿದು, ಈರುಳ್ಳಿ ದೋಸೆಯ ಹಾಗೆ ಅಲ್ಲಲ್ಲಿ ಕಪ್ಪು ಚುಕ್ಕೆ ಎದ್ದಿದ್ದವು.

ಮಂಚದ ಪೆಟ್ಟಿಗೆಗೆ ಅವನ್ನು ತುಂಬಿದವನು ಐತಪ್ಪನೇ. ದಿಲ್ಲಿಯ ರೋಹಿಣಿ ಬಡಾವಣೆಯ ಮಾರ್ಕೆಟ್ಟಿನಲ್ಲಿ ಅವನದೊಂದು ಸಣ್ಣ ಇಡ್ಲಿ ದೋಸೆಯ ಹೋಟೆಲು. ಜೂನ್ ಕೊನೆಯಲ್ಲಿ, ಮೊದಲ ಮಳೆ ಬಿದ್ದ ಮರುದಿನ, ಜಲಜಾಕ್ಷಿ ಬೇಡ ಬೇಡ ಅಂದರೂ ಕೇಳದೆ ಗಾಳಿ ಹೋಗಲು ಸೂಜಿಮೊನೆಯಷ್ಟೂ ಜಾಗ ಬಿಡದ ಹಾಗೆ ಕಟ್ಟಿದ್ದ. "ತೇವದ ವಿಷಯ ನನಗೆ ಹೇಳಬೇಡ. ಇಪ್ಪತ್ತೆರಡು ವರ್ಷದಿಂದ ಹಿಟ್ಟು ಹುದುಗಿಸ್ತಾ ಇದ್ದೇನೆ. ಯಾವುದು ಉಬ್ತದೆ, ಯಾವುದು ಹುಳಿ ಬರ್ತದೆ ಅಂತ ನನ್ನ ಬೆರಳಿಗೆ ಗೊತ್ತು" ಅಂದಿದ್ದ. ಹಾಸಿಗೆಗೆ ಆ ಬೆರಳಿನ ಪರಿಚಯ ಇರಲಿಲ್ಲ. ಮೊದಲೇ ಒಳಗಿದ್ದ ತೇವ ಹೊರಗೆ ಬರಲಾಗದೆ ಎರಡು ತಿಂಗಳು ಅಲ್ಲೇ ಬೆವರಿತ್ತು.

ಮೂರರಲ್ಲಿ ಎರಡು ಬರೀ ದಿಲ್ಲಿಯ ಹತ್ತಿ ಹಾಸಿಗೆಗಳು. ಮೂರನೆಯದು ಅಮ್ಮನ ಹಾಸಿಗೆ. ಜಲಜಾಕ್ಷಿಯ ತಾಯಿ ಎರಡು ಬೇಸಿಗೆ ಬೂರುಗದ ಕಾಯಿ ಹೆಕ್ಕಿ, ಒಂದೊಂದೇ ಬೀಜ ಬಿಡಿಸಿ, ನೀಲಿ ಗೀಟಿನ ಗವಸಿನೊಳಗೆ ಹತ್ತಿ ತುಂಬಿ ಕೈಯಲ್ಲೇ ಹೊಲಿದದ್ದು. ತಾಯಿ ತೀರಿದ ಮೇಲೆ ಅದಕ್ಕಾಗಿ ಅಣ್ಣ ತಂಗಿಯರ ನಡುವೆ ಸಣ್ಣ ಜಗಳವೇ ಆಗಿತ್ತು. ಕೊನೆಗೆ ಅಣ್ಣ ಯಶವಂತ ಬಿಟ್ಟುಕೊಟ್ಟ, ಆದರೆ ಒಂದು ಮಾತು ಹೇಳಿ: "ಅಲ್ಲಿ ಹಾಳಾಯ್ತು ಅಂತ ಕಂಡ ದಿನವೇ ನಾನು ಎತ್ತಿಕೊಂಡು ಬರ್ತೇನೆ."

ಆ ಯಶವಂತ ಇವತ್ತು ನಾಲ್ಕು ಗಂಟೆಗೆ ಬರುವವನಿದ್ದ. ಬೆನ್ನುನೋವಿನ ಮನುಷ್ಯ, ಬಂದಾಗಲೆಲ್ಲ ಮಲಗುವುದು ಅದರ ಮೇಲೆಯೇ. ಹೋದ ವಾರವಷ್ಟೇ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಐತಪ್ಪ, "ಅಮ್ಮನ ಹಾಸಿಗೆ ಹೊಸ ಮದುಮಗನ ಹಾಗಿದೆ" ಎಂದು ಬರೆದು ಹೆಬ್ಬೆರಳು ಎತ್ತಿದ್ದ.

ಜಲಜಾಕ್ಷಿ ಮೂಗಿನಿಂದ ಸೆರಗು ತೆಗೆದಳು. "ಅಣ್ಣ ಇದನ್ನು ಎತ್ತಿಕೊಂಡು ಹೋದರೆ ಅದೇ ರೈಲಿನಲ್ಲಿ ನಾನೂ ಹೋಗ್ತೇನೆ."

"ಇವತ್ತು ಮಂಗಳವಾರ, ಹೋಟೆಲಿಗೆ ರಜೆ. ನಾಲ್ಕು ಗಂಟೆಯೊಳಗೆ ಒಣಗಿಸಿ ಕೊಡ್ತೇನೆ" ಅಂದ ಐತಪ್ಪ. ಅವನ ಧ್ವನಿಯಲ್ಲಿ ಸಂಶಯದ ಎಳೆಯೂ ಇರಲಿಲ್ಲ.

ತಾರಸಿಗೆ ಹೊತ್ತು ಹಾಕಿದ್ದೇ ತಡ, ಕೆಳಗಿನ ಮನೆಯ ಸೂರ್ಯನಾರಾಯಣರು ಹತ್ತಿ ಬಂದರು. ಮೈಸೂರು ಕಡೆಯವರು, ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ನಿವೃತ್ತಿಯಾದದ್ದನ್ನು ಅವರ ನಾಲಿಗೆಗೆ ಯಾರೂ ತಿಳಿಸಿರಲಿಲ್ಲ.

"ಐತಪ್ಪನವರೇ, ಮೊದಲು ಮೂರನ್ನೂ ಬೇರೆ ಬೇರೆ ಮಾಡಿ. ಆಮೇಲೆ ಪ್ರತಿಯೊಂದರ ಸ್ಥಿತಿ ಏನು ಅಂತ ಬರ್ಕೊಳ್ಳಿ. ಆಮೇಲೆ ಬಿಸಿಲಿಗೆ."

"ಬಿಸಿಲೆಲ್ಲಿದೆ ಸರ್?"

ಸೂರ್ಯನಾರಾಯಣರು ಆಕಾಶ ನೋಡಿದರು. ಅದು ತೊಳೆಯದ ಸಾಂಬಾರ್ ಪಾತ್ರೆಯ ತಳದಂತಿತ್ತು. "ಅದು ನಮ್ಮ ಕೈಲಿಲ್ಲ" ಎಂದು ಷರಾ ಬರೆದಂತೆ ಹೇಳಿದರು.

ಅಷ್ಟರಲ್ಲಿ ಎದುರು ಮನೆಯ ಚೋಪ್ರಾ ಆಂಟಿ ಹಪ್ಪಳದ ತಟ್ಟೆ ಹಿಡಿದು ಬಂದರು. ಹಾಸಿಗೆ ನೋಡಿ ನಾಲಿಗೆ ಲೊಚಗುಟ್ಟಿದರು. "ಅರೇ ಭಾಯಿಸಾಬ್, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದಿರಾ? ಹಾಸಿಗೆಗೂ ಉಸಿರು ಬೇಡವಾ? ಹಳೆ ಸೀರೆಯಲ್ಲಿ ಸುತ್ತಬೇಕು, ಬೇವಿನ ಎಲೆ ಹಾಕಬೇಕು, ಹದಿನೈದು ದಿನಕ್ಕೊಮ್ಮೆ ಹಲಗೆ ತೆಗೆದು ಗಾಳಿ ಆಡಿಸಬೇಕು."

ಜಲಜಾಕ್ಷಿ ಗಂಡನ ಕಡೆ ನೋಡಿದಳು. ಜೂನ್ ತಿಂಗಳಲ್ಲಿ ಅವಳು ಹೇಳಿದ್ದೂ ಇದನ್ನೇ, ಕನ್ನಡದಲ್ಲಿ.

ಗವಸಿನ ಬೂಷ್ಟನ್ನು ಬ್ರಷ್ಷಿನಲ್ಲಿ ಉಜ್ಜುವಷ್ಟರಲ್ಲಿ ನಾಲ್ಕು ದಪ್ಪ ಹನಿ ಬಿದ್ದವು. ಎಲ್ಲರೂ ಓಡಿದರು. ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಮೂರು ಹಾಸಿಗೆಗಳ ನಡುವೆ ಐತಪ್ಪ ಸ್ಯಾಂಡ್‌ವಿಚ್ಚಿನ ಸೌತೆಕಾಯಿಯಂತೆ ಸಿಕ್ಕಿಕೊಂಡ. ಹಿಂದಿನಿಂದ ಸೂರ್ಯನಾರಾಯಣರು "ಎಡಕ್ಕೆ, ಎಡಕ್ಕೆ" ಎಂದರು, ಮುಂದಿನಿಂದ ಚೋಪ್ರಾ ಆಂಟಿ "ದಾಯೆ, ದಾಯೆ" ಎಂದು ಬಲಕ್ಕೆ ಎಳೆದರು. ಅಂತೂ ಕೆಳಗಿಳಿಯುವಾಗ ಗಂಟೆ ಹನ್ನೆರಡೂವರೆ.

ಮಗಳು ನಿರೀಕ್ಷಾ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದಳು. "ಪಪ್ಪಾ, ಮಾಮಾ ಕಾ ಮೆಸೇಜ್ ಆಯಾ. ಟ್ರೇನ್ ಆನ್ ಟೈಮ್ ಅಂತೆ."

"ಈ ದೇಶದಲ್ಲಿ ರೈಲು ಸರಿಯಾದ ಹೊತ್ತಿಗೆ ಬರುವುದು ನನಗೆ ಬೇಡದ ದಿನವೇ" ಅಂದ ಐತಪ್ಪ.

ಆಗ ಗಲ್ಲಿಯಿಂದ ಟುಕುಟುಕು ಸದ್ದು ಕೇಳಿತು. ಇ-ರಿಕ್ಷಾದ ಮೇಲೆ ಮೋಟಾರಿನ ಯಂತ್ರ ಕೂರಿಸಿಕೊಂಡು ಹತ್ತಿ ಹಿಂಜುವವನು ಬಂದಿದ್ದ. ಚಳಿಗಾಲಕ್ಕೆ ಮುಂಚೆ ರಜಾಯಿ ಹೊದಿಕೆಗಳ ಹತ್ತಿ ಹಿಂಜಿ ಕೊಡುವ ಮನುಷ್ಯ. ಐತಪ್ಪನ ಮುಖ ಬಿಸಿ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

"ಭಯ್ಯಾ, ಒದ್ದೆ ಹತ್ತಿ ಒಣಗ್ತದಾ ಇದರಲ್ಲಿ?"

"ಬಾಬೂಜಿ, ಈ ಯಂತ್ರದ ಗಾಳಿಗೆ ಯಮುನೆಯೇ ಒಣಗುತ್ತೆ."

ದಿಲ್ಲಿಯ ಎರಡು ಹಾಸಿಗೆಗಳನ್ನು ಬಿಚ್ಚಿ ಹಾಕಿದರು. ಯಂತ್ರ ಗರಗರ ತಿರುಗಿತು. ಮುದ್ದೆಯಾಗಿ ಒಳಗೆ ಹೋದ ಹತ್ತಿ ಹಗುರಾಗಿ, ಬೆಚ್ಚಗೆ ಹೊರಗೆ ಬಂತು. ವಾಸನೆಯೂ ಅರ್ಧಕ್ಕರ್ಧ ಹೋಯಿತು. ಐತಪ್ಪ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದ. ಯಂತ್ರವನ್ನು ಅವನೇ ಕಂಡುಹಿಡಿದಂತಿತ್ತು ಆ ನೋಟ.

"ಈಗ ಅಮ್ಮನದು" ಅಂದ.

"ಅದು ಬೂರುಗ" ಅಂದಳು ಜಲಜಾಕ್ಷಿ. "ಅದನ್ನು ಹಿಂಜುವುದಿಲ್ಲ. ಅಮ್ಮ ಕೋಲಿನಲ್ಲಿ ಮೆಲ್ಲ ತಟ್ಟುತ್ತಿದ್ದಳು, ಅಷ್ಟೇ."

"ಹತ್ತಿ ಅಂದ ಮೇಲೆ ಹತ್ತಿ. ನೀನು ಸುಮ್ಮನಿರು."

ಹಿಂಜುವವನು ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿದ. ರೇಷ್ಮೆಯಂತೆ ಜಾರಿತು. "ಯೇ ಕೌನ್ಸೀ ರೂಈ ಹೈ, ಬಾಬೂಜಿ? ಇಂಥ ಹತ್ತಿ ನಾನು ನೋಡೇ ಇಲ್ಲ."

"ನಮ್ಮ ಊರಿನದು. ಫಸ್ಟ್ ಕ್ಲಾಸ್. ಹಾಕು."

ಅವನು ಹಾಕಿದ.

ಯಂತ್ರ ಒಮ್ಮೆ ಸೀನಿದಂತೆ ಸದ್ದಾಯಿತು. ಮರುಕ್ಷಣ ಆಗಸ್ಟ್ ತಿಂಗಳ ರೋಹಿಣಿಯಲ್ಲಿ ಹಿಮ ಬಿತ್ತು. ಬೂರುಗದ ಹತ್ತಿ ಕೆಳಗೆ ಬೀಳಲೇ ಇಲ್ಲ, ನೇರ ಮೇಲಕ್ಕೆ ಎದ್ದಿತು, ಎರಡನೇ ಮಹಡಿ ದಾಟಿತು, ಅಲ್ಲಿಂದ ಎಲ್ಲ ದಿಕ್ಕಿಗೂ ಹೊರಟಿತು. ಚೋಪ್ರಾ ಆಂಟಿಯ ಹಪ್ಪಳಕ್ಕೆ ಗಡ್ಡ ಬಂತು. ಗಲ್ಲಿಯ ಕರಿ ನಾಯಿ ಬಿಳಿಯಾಗಿ, ತನ್ನನ್ನೇ ಗುರುತಿಸಲಾರದೆ ಬೊಗಳಿತು. ಸೂರ್ಯನಾರಾಯಣರ ಕಪ್ಪು ಬಣ್ಣ ಹಚ್ಚಿದ ಮೀಸೆ ಒಂದು ನಿಮಿಷದಲ್ಲಿ ನಿಜವಾದ ವಯಸ್ಸಿಗೆ ಬಂತು.

"ಬಂದ್ ಮಾಡು, ಬಂದ್ ಮಾಡು" ಎಂದು ಐತಪ್ಪ ಎರಡು ಕೈ ಬೀಸಿದ. ಬೀಸಿದ ಗಾಳಿಗೆ ಉಳಿದದ್ದೂ ಹಾರಿತು.

ಯಂತ್ರ ನಿಂತಾಗ ಅದರ ಬುಟ್ಟಿಯ ತಳದಲ್ಲಿ ಎರಡು ಹಿಡಿ ಬೂರುಗ ಉಳಿದಿತ್ತು. ಜಲಜಾಕ್ಷಿ ಒಂದು ದಿಂಬಿನ ಗವಸು ತಂದು ಆ ಎರಡು ಹಿಡಿಯನ್ನು ಅದರಲ್ಲಿಟ್ಟಳು. ಆಮೇಲೆ ಕಿಟಕಿ ಸರಳಿಗೆ, ತುಳಸಿ ಕುಂಡಕ್ಕೆ, ಸ್ಕೂಟರಿನ ಸೀಟಿಗೆ ಅಂಟಿದ್ದನ್ನು ಒಂದೊಂದೇ ಎಳೆ ಹೆಕ್ಕತೊಡಗಿದಳು. ತಾಯಿ ಬೀಜ ಬಿಡಿಸುತ್ತಿದ್ದ ಹಾಗೆಯೇ, ಅವಸರವಿಲ್ಲದೆ.

ಅವಳ ಮುಖ ನೋಡಿ ಐತಪ್ಪನ ಎದೆ ಸ್ವಲ್ಪ ಇಳಿಯಿತು. ಆದರೆ ಅವನ ತಲೆ ಎಂದೂ ಇಳಿಯುವಂಥದಲ್ಲ. ನೀಲಿ ಗೀಟಿನ ಗವಸು ಇನ್ನೂ ಕೈಯಲ್ಲಿತ್ತು. ಅದನ್ನು ವಿನೆಗರ್ ಹಾಕಿ ಒರೆಸಿದ, ಇಸ್ತ್ರಿ ಪೆಟ್ಟಿಗೆ ಒತ್ತಿ ಒಣಗಿಸಿದ. ಹಿಂಜಿಟ್ಟ ದಿಲ್ಲಿಯ ಹತ್ತಿಯಷ್ಟನ್ನೂ ಅದರೊಳಗೆ ತುಂಬಿ, ಅಮ್ಮ ಹೊಲಿದ ತೂತುಗಳಲ್ಲೇ ಸೂಜಿ ತೂರಿಸಿ ಹೊಲಿದ. ಸೂರ್ಯನಾರಾಯಣರು ಪಕ್ಕದಲ್ಲಿ ನಿಂತು ಹೊಲಿಗೆ ಎಣಿಸಿದರು. ಮೂರೂ ಐವತ್ತಕ್ಕೆ ಹಾಸಿಗೆ ನಡುಕೋಣೆಯಲ್ಲಿ ಹಾಸಿಯಾಗಿತ್ತು.

ನಾಲ್ಕಕ್ಕೆ ಯಶವಂತ ಬಂದ. ಬ್ಯಾಗು ಬಾಗಿಲಲ್ಲೇ ಇಟ್ಟ. ನೀರೂ ಕುಡಿಯದೆ ಬಗ್ಗಿ ಗವಸು ಮೂಸಿದ, ಹೊಲಿಗೆಯ ಮೇಲೆ ಬೆರಳು ಆಡಿಸಿದ, ಆಮೇಲೆ ಮೆಲ್ಲಗೆ ಬೆನ್ನು ಚಾಚಿದ. ಐತಪ್ಪ ಉಸಿರು ಹಿಡಿದು ನಿಂತ. ಜಲಜಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಯಶವಂತನ ಕಣ್ಣು ಒದ್ದೆಯಾದವು. "ಅಮ್ಮನ ಹಾಸಿಗೆ ಅಂದ್ರೆ ಅಮ್ಮನ ಹಾಸಿಗೆ ಮಾರಾಯಾ. ಊರಲ್ಲಿ ಇದ್ದದ್ದಕ್ಕಿಂತ ಒಣಗಿದೆ. ಬೇರೆ ಯಾವುದೂ ಹೀಗೆ ಬೆನ್ನು ಹಿಡಿಯುವುದಿಲ್ಲ. ಹೇಗೆ ಇಟ್ಟೆ ಐತಪ್ಪ?"

ಐತಪ್ಪನಿಗೆ ಜೀವ ಬಂತು. ಜೀವದ ಹಿಂದೆಯೇ ಬಾಯಿಯೂ ಬಂತು. "ಪ್ಲಾಸ್ಟಿಕ್ ಮುಟ್ಟಿಸಬಾರದು ಭಾವ. ಹಳೆ ಸೀರೆ, ಬೇವಿನ ಎಲೆ. ಎಲ್ಲಕ್ಕಿಂತ ಹೆಚ್ಚು ಗಾಳಿ. ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ಮಂಚದ ಹಲಗೆ ಮುಚ್ಚುವುದೇ ಇಲ್ಲ. ನಾವು ಎಲ್ಲಿ ಮಲಗಿದರೂ ನಡೀತದೆ, ಹಾಸಿಗೆ ಉಸಿರಾಡಬೇಕು."

ಬಾಗಿಲಲ್ಲಿ ಚೋಪ್ರಾ ಆಂಟಿ ಕೆಮ್ಮಿದರು. ಅವರಿಗೆ ಭಾಷೆ ಗೊತ್ತಿಲ್ಲದಿದ್ದರೂ ಅವನ ಕೈ ಆಡುವುದು ನೋಡಿಯೇ ಅರ್ಥವಾಗಿತ್ತು.

ಯಶವಂತ ಎದ್ದು ಕೂತು ನಿರೀಕ್ಷಾಳನ್ನು ಕರೆದ. "ಮಗಾ, ಕೆಳಗೆ ಟೆಂಪೋ ನಿಂತಿದೆ. ಇಳಿಸಲಿಕ್ಕೆ ಹೇಳು."

"ಏನು ಭಾವ ಟೆಂಪೋದಲ್ಲಿ?"

"ಹಾಸಿಗೆ. ನಾಲ್ಕು. ನನ್ನವು ಎರಡು, ದೊಡ್ಡಮ್ಮನವು ಎರಡು. ರೈಲಿನಲ್ಲಿ ಪಾರ್ಸೆಲ್ ಹಾಕಿ ತಂದೆ. ಊರಿನ ಮಳೆಗೆ ಎಲ್ಲ ಮುಗ್ಗಲಾಗ್ತಾ ಇವೆ. ನೀನು ಗುಂಪಿನಲ್ಲಿ ಬರೆದದ್ದು ನೋಡಿ ಇಲ್ಲೇ ಇಡುವ ಅಂತ ಎಲ್ಲರೂ ತೀರ್ಮಾನ ಮಾಡಿದ್ರು. ನಾನು ಮಾತ್ರ ನಂಬಲಿಲ್ಲ." ಅವನು ನಕ್ಕ. "ಅಮ್ಮನ ಹಾಸಿಗೆ ಹಾಳಾಗಿದ್ದರೆ ಐದನ್ನೂ ವಾಪಸ್ ತಗೊಂಡು ಹೋಗ್ತಿದ್ದೆ. ಈಗ ಆ ಚಿಂತೆ ಇಲ್ಲ."

ಐತಪ್ಪ ನಿಜ ಹೇಳಲು ಬಾಯಿ ತೆರೆದ. ಅಡುಗೆಮನೆಯ ಬಾಗಿಲಿನಿಂದ ಜಲಜಾಕ್ಷಿ ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ.

ನಾಲ್ಕು ಹಾಸಿಗೆಗಳು ಮೇಲೆ ಬಂದವು. ಮಂಚದ ಪೆಟ್ಟಿಗೆ ತುಂಬಿತು. ಹಲಗೆ ಗೋಡೆಗೆ ಒರಗಿಯೇ ಇತ್ತು, ಅವನೇ ಹೇಳಿದ ಹಾಗೆ. "ದಾಸ್ತಾನು ವ್ಯವಸ್ಥೆ ಚೆನ್ನಾಗಿದೆ" ಎಂದು ಸೂರ್ಯನಾರಾಯಣರು ಮೆಚ್ಚಿ, ತಮ್ಮ ಮನೆಯ ಎರಡು ರಜಾಯಿ ತಂದು ಬೆಳಿಗ್ಗೆ ಮಂಚದಿಂದ ನೆಲಕ್ಕೆ ಇಳಿಸಿದ್ದ ಐತಪ್ಪನ ಹಾಸಿಗೆಯ ಮೇಲೆ ಪೇರಿಸಿದರು. ಚೋಪ್ರಾ ಆಂಟಿ ಒಂದು ಗಂಟು ತಂದು ಸೋಫಾದ ಮೇಲಿಟ್ಟರು. "ದೀವಾಳಿಯ ತನಕ ಮಾತ್ರ, ಭಾಯಿಸಾಬ್" ಅಂದರು.

ಅಮ್ಮನ ಹಾಸಿಗೆಯ ಮೇಲೆ ಯಶವಂತ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಜಲಜಾಕ್ಷಿ ಕಿಟಕಿಯ ಬಳಿ ಕೂತು, ಸಪೂರ ದಿಂಬೊಂದರ ಬಾಯಿ ಹೊಲಿಯುತ್ತಿದ್ದಳು. ಉಳಿದವರು ಇನ್ನೊಂದು ಗಂಟನ್ನು ಎಲ್ಲಿಡುವುದು ಎಂದು ಗೋಡೆಗಳನ್ನು ಅಳೆಯುತ್ತಿದ್ದರು.

ಬೆಳಗಿನಿಂದ ಹಾಸಿಗೆ ಹೊತ್ತ ಐತಪ್ಪ ಸೊಂಟಕ್ಕೆ ಎರಡೂ ಕೈ ಕೊಟ್ಟು ಕೋಣೆಯ ನಡುವೆ ನಿಂತ. ಕೂರಲೂ ಜಾಗ ಇರಲಿಲ್ಲ.

"ನನ್ನ ಬೆನ್ನು ಹಿಡ್ಕೊಂಡಿದೆ" ಅಂದ. "ಒಂದು ಚಾಪೆ ಕೊಡಿ ಯಾರಾದರೂ."